ಎದೆಯಲ್ಲಿ ‘ಸಂಕಟ’ ಎಂದರೆ ಏನು? ಮೈಯ ಮಾತು ಕೇಳುವ, ಕೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುವ ಬಗೆ

ನಮ್ಮ ಚಿಕ್ಕಮ್ಮನಿಗೆ ಮೂರು ತಿಂಗಳು ‘ಸಂಕಟ’ ಇತ್ತು. ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆಯ ಹವ್ಯಕ ಮನೆ. ಪೇಟೆಯ ಒಂದು ಕ್ಲಿನಿಕ್ಕಿಗೆ ಹೋಗಿ “ಎದೆಲಿ ಸಂಕಟ ಆವ್ತು ಡಾಕ್ಟ್ರೇ” ಎಂದಳು. ಡಾಕ್ಟರು ತೆಂಕು ಜಿಲ್ಲೆಯಿಂದ ಹೊಸದಾಗಿ ಬಂದವರು. ಮಲಯಾಳದಲ್ಲಿ ‘ಸಂಕಡಂ’ ಎಂದರೆ ದುಃಖ. ಅವರು ಪೆನ್ನು ಕೆಳಗಿಟ್ಟು, ತುಂಬ ಕನಿಕರದಿಂದ, “ವೀಟ್ಟಿಲ್ ಎಂದೆಂಗಿಲುಂ ಪ್ರಶ್ನಮುಂಡೋ?” ಎಂದು ಕೇಳಿದರಂತೆ. ಮನೆಯಲ್ಲಿ ಏನಾದರೂ ತೊಂದರೆ ಉಂಟಾ ಎಂದು. ತೊಂದರೆ ಯಾರ ಮನೆಯಲ್ಲಿಲ್ಲ? ಚಿಕ್ಕಮ್ಮ ಸೊಸೆಯ ವಿಷಯ ಶುರು ಮಾಡಿದಳು. ನಿದ್ದೆಗೊಂದು ಮಾತ್ರೆ, ಶಕ್ತಿಗೊಂದು ಮಾತ್ರೆ ಹಿಡಿದುಕೊಂಡು ಬಂದಳು.

ಅವಳಿಗಿದ್ದದ್ದು ಪಿತ್ತಕೋಶದ ಕಲ್ಲು.

ನಾನು ವೈದ್ಯನಲ್ಲ, ಅಡಿಕೆ ಕೃಷಿಕ. ಹೈಸ್ಕೂಲಿನಿಂದಲೇ ಮಲಯಾಳ ಚೆನ್ನಾಗಿ ಬರುತ್ತಿದ್ದ ತಪ್ಪಿಗೆ, ನೆರೆಕರೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಜೊತೆಗೆ ಹೋಗುವ ಕೆಲಸ ಇಪ್ಪತ್ತು ವರ್ಷಗಳಿಂದ ನನ್ನದು. ಡಾಕ್ಟರು ಏನೇನು ಕೇಳುತ್ತಾರೆ, ನಮ್ಮವರು ಎಲ್ಲಿ ತಡವರಿಸುತ್ತಾರೆ ಎಂಬುದು ಬಾಯಿಪಾಠವಾಗಿದೆ. ಮೈ ಹೇಳುವುದು ನಮಗೆ ಕೇಳುವುದಿಲ್ಲ ಎಂದಲ್ಲ. ಕೇಳಿದ್ದನ್ನು ಒಂದು ಮೊತ್ತದ ಮಾತಿನಲ್ಲಿ, ಸಂಕಟ, ಗ್ಯಾಸು, ಉಷ್ಣ, ವಾಯು ಎಂದು ಕಟ್ಟಿ ಅಟ್ಟಕ್ಕೆ ಹಾಕುತ್ತೇವೆ. ಆ ಕಟ್ಟು ಬಿಚ್ಚುವ ಬಗೆ ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ನಿಮ್ಮ ‘ಮಾಮೂಲು’ ಏನೆಂದು ನೋಡಿಕೊಳ್ಳಿ

ಹುಷಾರಿರುವಾಗಲೇ ಒಂದು ವಾರ ಇದನ್ನು ಮಾಡಬೇಕು. ಬೆಳಿಗ್ಗೆ ಎದ್ದು, ಚಾ ಕುಡಿಯುವ ಮೊದಲು, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದಕ್ಕೆ ಅದರದ್ದೇ ಬಡಿತ ಇದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 60ರಿಂದ 100ರ ಒಳಗೆ ಇರುತ್ತದೆ. ನಮ್ಮಲ್ಲಿ ಮರ ಹತ್ತಿ ಕೊಯ್ಯುವ ಒಬ್ಬನದ್ದು 54. ಅವನಿಗೆ ಅದು ಮಾಮೂಲು. ನಿಮ್ಮದು ದಿನಾ 68 ಇದ್ದದ್ದು ಕಾರಣವಿಲ್ಲದೆ ಮೂರು ದಿನ 90 ಆದರೆ, ಪುಸ್ತಕದ ಲೆಕ್ಕದಲ್ಲಿ ಅದೂ ಸರಿಯೇ. ನಿಮ್ಮ ಲೆಕ್ಕದಲ್ಲಿ ಅಲ್ಲ. ಜ್ವರ ಬರುವ ಮುಂಚೆ, ನೀರು ಕಡಿಮೆಯಾದಾಗ, ರಕ್ತ ಕಡಿಮೆಯಾದಾಗ ನಾಡಿ ಹೀಗೆ ಏರುತ್ತದೆ.

ಮೂತ್ರದ ಬಣ್ಣ ನೋಡುವುದಕ್ಕೆ ನಾಚಿಕೆ ಬೇಡ. ಒಣಹುಲ್ಲಿನ ತಿಳಿ ಹಳದಿ ಇದ್ದರೆ ಸರಿ, ಕಡು ಚಹಾದಂತಿದ್ದರೆ ನೀರು ಸಾಲದು. ಮಾರ್ಚಿನಿಂದ ಮೇ ತನಕ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯ ಸೂಚನೆಯೇ ತಡವಾಗಿ ಬರುತ್ತದೆ. ಹಾಗಾಗಿ ಅಜ್ಜ “ಆಸರು ಆಯಿದಿಲ್ಲೆ” ಎಂದರೆ ನಂಬಬೇಡಿ, ಬಣ್ಣ ನೋಡಿ, ಉಪ್ಪು ಹಾಕಿದ ಗಂಜಿತಿಳಿಯೋ ಮಜ್ಜಿಗೆಯೋ ಕೊಡಿ. ನೀರು ಕುಡಿದರೂ ಬಣ್ಣ ತಿಳಿಯಾಗದೆ ಕಣ್ಣಿನ ಬಿಳಿಯೂ ಹಳದಿಯಾಗಿದ್ದರೆ ಅದು ಬೇರೆ ಕಥೆ, ಅದೇ ದಿನ ತೋರಿಸಬೇಕು. (ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದರೂ ಕಡು ಹಳದಿಯಾಗುತ್ತದೆ, ಬೀಟ್ರೂಟ್ ತಿಂದರೆ ಕೆಂಪು. ನಮ್ಮ ಮನೆಯಲ್ಲಿ ಒಮ್ಮೆ ಬೀಟ್ರೂಟ್ ಪಲ್ಯ ಮಾಡಿದ ಮರುದಿನ ಬೆಳಿಗ್ಗೆ ಆದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ.)

ಹಸಿವು, ನಿದ್ದೆ, ಹೊಟ್ಟೆ ಖಾಲಿಯಾಗುವ ಹೊತ್ತು, ತೂಕ, ಇವು ಉಳಿದವು. ಪ್ರಯತ್ನಿಸದೆ ಆರು ತಿಂಗಳಲ್ಲಿ ಮೂರ್ನಾಲ್ಕು ಕಿಲೋ ಇಳಿದರೆ “ಸಪೂರ ಆದೆ, ಒಳ್ಳೆದಾತು” ಎಂದು ಖುಷಿಪಡುವುದಲ್ಲ.

ಇದನ್ನೆಲ್ಲ ಎಲ್ಲಿ ಬರೆಯುವುದು? ಸಹಕಾರಿ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿನಲ್ಲಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರು ಬಂದ ದಿನ, ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ ಎಲ್ಲ ಅಲ್ಲಿ ಇರುತ್ತವೆ. ಸ್ವಂತ ಮೈಗೆ ಆ ಚೌಕದಲ್ಲಿ ಒಂದು ಮೂಲೆ ಕೊಟ್ಟರೆ ನಷ್ಟವಿಲ್ಲ. ಬರೆದಿಡುವುದರ ಬೆಲೆ ಎಣ್ಮಕಜೆ, ಪಡ್ರೆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಒಂದೇ ಊರಿನಲ್ಲಿ ಅದದೇ ಕಾಯಿಲೆಗಳು ಮತ್ತೆ ಮತ್ತೆ ಕಾಣುತ್ತಿವೆ ಎಂದು ಊರಲ್ಲೇ ಇದ್ದವರು ಗುರುತಿಸಿ ಬರೆದದ್ದರಿಂದಲೇ ವಿಷಯ ಹೊರಗೆ ಬಂತು. ಆಕಾಶದಿಂದ ಸಿಂಪಡಿಸುವುದು 2000ದ ಕೊನೆಗೆ ನಿಂತಿತು, ದೇಶದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ನೋವಿಗೆ ಸರಿಯಾದ ಹೆಸರು ಹುಡುಕಿ

ನನ್ನ ಪ್ರಕಾರ ಇದೇ ಮುಖ್ಯ ಕೆಲಸ. “ನೋವು” ಎಂದರೆ ಡಾಕ್ಟರಿಗೆ ಏನೂ ಹೇಳಿದಂತಾಗಲಿಲ್ಲ. ಕನ್ನಡದಲ್ಲಿ ನೋವಿಗೆ ಎಷ್ಟು ಪದಗಳಿವೆ ನೋಡಿ: ಚುಚ್ಚು, ಇರಿತ, ಸೆಳೆತ, ಉರಿ, ಹಿಂಡು, ಸಿಡಿತ, ಕೊರೆತ, ಜುಮು ಜುಮು, ಮರಗಟ್ಟುವುದು, ಕಲ್ಲಿಟ್ಟಂಥ ಭಾರ. ಇವು ಒಂದೊಂದೂ ಒಂದೊಂದು ಬಾಗಿಲು. ಬಿಟ್ಟು ಬಿಟ್ಟು ಅಲೆಯಂತೆ ಹಿಂಡಿದರೆ ಕರುಳು, ಮೂತ್ರನಾಳದಂಥ ಕೊಳವೆಗಳ ಕಡೆ ಡಾಕ್ಟರು ನೋಡುತ್ತಾರೆ. ಉರಿ, ಜುಮುಜುಮು, ಕರೆಂಟು ಹೊಡೆದಂತೆ ಆದರೆ ನರದ ಕಡೆ. ಕೂತರೂ ಎದ್ದರೂ ಬದಲಾಗದ ಭಾರ ಎದೆಯ ನಡುವೆ ಇದ್ದರೆ ಹೃದಯದ ಕಡೆ. ಬಾವು ಕಟ್ಟಿದ್ದು ನಾಡಿಯ ಜೊತೆಗೇ ಸಿಡಿಯುತ್ತದೆ.

ಪದ ಸಿಕ್ಕಿದ ಮೇಲೆ ಕ್ಯಾಲೆಂಡರಿನ ಹಿಂದಿನ ಖಾಲಿ ಪುಟದಲ್ಲಿ ಮನುಷ್ಯನ ಆಕಾರ ಬರೆಯಿರಿ. ಮಕ್ಕಳು ಬರೆದ ಹಾಗಿದ್ದರೆ ಸಾಕು, ಎದುರಿನದ್ದೊಂದು, ಬೆನ್ನಿನದ್ದೊಂದು. ನೋವಿರುವಲ್ಲಿ ಗುರುತು ಹಾಕಿ, ಅದು ಎಲ್ಲಿಗಾದರೂ ಹರಿಯುತ್ತಿದ್ದರೆ ಬಾಣ ಎಳೆಯಿರಿ. ಪಕ್ಕದಲ್ಲಿ ನಾಲ್ಕು ಸಾಲು: ಯಾವ ತಾರೀಕಿನಿಂದ, ಒಮ್ಮೆ ಬಂದರೆ ಎಷ್ಟು ಹೊತ್ತು, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ. ಜೊತೆಗೆ ಬೇರೇನಾದರೂ, ವಾಂತಿ, ಬೆವರು, ಜ್ವರ, ಇದ್ದರೆ ಅದೂ.

ಬಾಣ ಯಾಕೆ ಎಂದರೆ, ಒಳಗಿನ ಅಂಗಗಳು ತಮ್ಮ ವಿಳಾಸವನ್ನು ಸರಿಯಾಗಿ ಹೇಳುವುದಿಲ್ಲ. ಹೃದಯದಿಂದ ಬರುವ ನರಗಳೂ ಎಡಗೈಯಿಂದ ಬರುವ ನರಗಳೂ ಬೆನ್ನುಹುರಿಯ ಒಂದೇ ಅಂತಸ್ತಿಗೆ ಬಂದು ಸೇರುತ್ತವೆ, ಮಿದುಳಿಗೆ ಯಾರು ಕರೆದದ್ದೆಂದು ಗೊಂದಲವಾಗುತ್ತದೆ. ಹಾಗಾಗಿ ಹೃದಯದ ನೋವು ಕೈಯಲ್ಲಿ, ದವಡೆಯಲ್ಲಿ ಕಾಣುತ್ತದೆ, ಪಿತ್ತಕೋಶದ ನೋವು ಬಲ ಹೆಗಲಿನಲ್ಲಿ.

ಚಿಕ್ಕಮ್ಮನ ವಿಷಯದಲ್ಲಿ ಕೊನೆಗೆ ಆದದ್ದೂ ಇದೇ. ಎರಡು ವಾರ ಅವಳ ಮೊಮ್ಮಗಳು ಕ್ಯಾಲೆಂಡರಿನಲ್ಲಿ ಬರೆದಳು. ಹದಿನಾಲ್ಕು ದಿನದಲ್ಲಿ ಐದು ಸಲ. ಐದರಲ್ಲಿ ನಾಲ್ಕು ಸಲ ರಾತ್ರಿ, ಊಟವಾಗಿ ಒಂದೆರಡು ಗಂಟೆಯ ಮೇಲೆ. ಒಂದು ಉಪನಯನದ ಹೋಳಿಗೆ ತುಪ್ಪ, ಇನ್ನೊಂದು ಪೋಡಿ ಕರಿದ ದಿನ. ಶುರು ಬಲ ಪಕ್ಕೆಯ ಕೆಳಗೆ, ಬಾಣ ಬಲ ಹೆಗಲಿಗೆ. ಆ ಹಾಳೆಯನ್ನು ನಾನು ಡಾಕ್ಟರ ಮೇಜಿನ ಮೇಲಿಟ್ಟೆ. ಅದೇ ಡಾಕ್ಟರು, ಅದೇ ಕ್ಲಿನಿಕ್ಕು. ಅವರು ಹಾಳೆಯನ್ನು ನೋಡಿದವರೇ ಮಾತಿಲ್ಲದೆ ಸ್ಕ್ಯಾನಿಂಗಿಗೆ ಬರೆದರು. ಅವರದ್ದು ತಪ್ಪೆಂದು ನಾನು ಹೇಳುವುದಿಲ್ಲ. ಮೊದಲ ಸಲ ಅವರಿಗೆ ಸಿಕ್ಕಿದ್ದು ಒಂದೇ ಪದ, ಅದೂ ಅವರ ಭಾಷೆಯಲ್ಲಿ ಬೇರೆ ಅರ್ಥದ್ದು.

ಗಡಿ ದಾಟುವ ಪದಗಳು

ನಮ್ಮಲ್ಲಿ ಮನೆಯೊಳಗೆ ತುಳು, ಹವ್ಯಕ, ಮರಾಠಿ, ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಹತ್ತು ಪದ ಕಲಿತಿಟ್ಟರೆ ಅರ್ಧ ಕೆಲಸ ಆಯಿತು. ನೋವು ‘ವೇದನ’, ಎದೆನೋವು ‘ನೆಂಜುವೇದನ’, ಉರಿ ‘ಪುಗಚ್ಚಿಲ್’, ಜುಮುಗುಟ್ಟಿ ಮರಗಟ್ಟುವುದು ‘ತರಿಪ್ಪ್’, ತಲೆ ತಿರುಗುವುದು ‘ತಲಕರಕ್ಕಂ’, ಉಸಿರು ಕಟ್ಟುವುದು ‘ಶ್ವಾಸಂ ಮುಟ್ಟಲ್’, ಸುಸ್ತು ‘ಕ್ಷೀಣಂ’, ಕೆಮ್ಮು ‘ಚುಮ’, ವಾಂತಿ ‘ಛರ್ದಿ’. ಜ್ವರ ‘ಪನಿ’.

ಮೋಸ ಮಾಡುವ ಪದಗಳೂ ಇವೆ. ‘ಸಂಕಟ’ದ ಕಥೆ ಹೇಳಿದೆ. ‘ವಿಷಮ’ ಎಂದರೆ ನಮಗೆ ಕೈಮೀರಿದ ಸ್ಥಿತಿ, ಅವರಿಗೆ ಬೇಸರ, ಕಷ್ಟ. ಡಾಕ್ಟರು ಕಾಲು ಮುಟ್ಟಿ ‘ನೀರುಂಡ್’ ಎಂದರೆ ಬಾವು, ಊತ ಇದೆ ಎಂದರ್ಥ, ಕುಡಿಯುವ ನೀರಿನ ಮಾತಲ್ಲ. ತಾರೀಕು, ಗಂಟೆ, ಡಿಗ್ರಿ ಮಾತ್ರ ಯಾವ ಭಾಷೆಯಲ್ಲೂ ತಪ್ಪಾಗುವುದಿಲ್ಲ, ಅಂಕಿಗಳಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಯರು ಊರಿನವರೇ ಆದ್ದರಿಂದ ಹೆಚ್ಚಾಗಿ ಎರಡೂ ಭಾಷೆ ಬಲ್ಲವರು, ಕೇಳಿದರೆ ಸಹಾಯ ಮಾಡುತ್ತಾರೆ. ಫೋನಿನಲ್ಲಿ ಸಲಹೆ ಬೇಕಿದ್ದರೆ ಕೇರಳದ ‘ದಿಶ’ ಸಹಾಯವಾಣಿ 1056.

ತೋಟದ ಕೆಲಸದ ಸೂಚನೆಗಳು

ಹೊಸ ಕೆಲಸ ಮಾಡಿದ ಮರುದಿನ, ಅದರ ಮರುದಿನ ಸ್ನಾಯು ನೋಯುವುದು ಸಹಜ, ಮೂರು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ಗಂಟಿನಲ್ಲಿ ನೋವು, ಊತ, ಬಿಸಿ ಕಂಡರೆ ಅದು ಕೆಲಸದ ನೋವಲ್ಲ.

ಅಡಿಕೆ ಸುಲಿಯಲು ಕೂತು ಕಾಲು ಜೋಮು ಹಿಡಿದರೆ ಎದ್ದು ನಾಲ್ಕು ಹೆಜ್ಜೆ ಹಾಕಿದಾಗ ಹೋಗಬೇಕು. ಹೋಗದೆ, ಸೊಂಟದಿಂದ ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಎಳೆದರೆ ತೋರಿಸಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗವೇ ಮರಗಟ್ಟಿದರೆ ಆ ರಾತ್ರಿಯೇ ಆಸ್ಪತ್ರೆ. ವರ್ಷಗಟ್ಟಲೆ ಸುಲಿಯುವವರು, ಬೀಡಿ ಕಟ್ಟುವ ಹೆಂಗಸರು ರಾತ್ರಿ ಎಚ್ಚರಾಗಿ ಕೈ ಕೊಡವುವುದನ್ನು ನಾನು ನೋಡಿದ್ದೇನೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿದರೆ ಮಣಿಕಟ್ಟಿನಲ್ಲಿ ನರ ಒತ್ತಿದೆ. ಕಿರುಬೆರಳಾದರೆ ಹೆಚ್ಚಾಗಿ ಮೊಣಕೈಯಲ್ಲಿ. ಯಾವ ಬೆರಳು ಎಂದು ಹೇಳಿದರೆ ಡಾಕ್ಟರಿಗೆ ಎಲ್ಲಿ ನೋಡಬೇಕೆಂದು ಅಲ್ಲೇ ಗೊತ್ತಾಗುತ್ತದೆ, “ಕೈ ಬೇನೆ” ಎಂದರೆ ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ತೋಟದ ಕಣಿಯ (ಕಾಲುವೆಯ) ನೀರಿಗಿಳಿದು ಕೆಲಸ ಮಾಡಿದ ಮೇಲೆ ಬರುವ ಜ್ವರದ ಬಗ್ಗೆ ಬೇರೆಯೇ ಎಚ್ಚರ ಬೇಕು. ಇಲಿಮೂತ್ರ ಸೇರಿದ ನೀರು ಕಾಲಿನ ಬಿರುಕು, ಗಾಯದಿಂದ ಒಳಹೋದರೆ ಇಲಿಜ್ವರ. ಜ್ವರ, ಮೀನಖಂಡ ಮುಟ್ಟಲಾಗದ ನೋವು, ಕೆಂಪಾದ ಕಣ್ಣು. ಈ ಮೂರು ಸೇರಿದರೆ ಪ್ಯಾರಾಸಿಟಮಾಲ್ ನುಂಗಿ ಕಾಯುವ ಹಾಗಿಲ್ಲ. “ನಾನು ನೀರಿಗಿಳಿಯುವ ಕೆಲಸ ಮಾಡಿದ್ದೆ” ಎಂದು ನೀವಾಗಿಯೇ ಹೇಳಿ. ಬೇಗ ಶುರು ಮಾಡಿದರೆ ಸಾಧಾರಣ ಆಂಟಿಬಯೋಟಿಕ್‌ನಲ್ಲೇ ಗುಣವಾಗುವ ಕಾಯಿಲೆ, ತಡವಾದರೆ ಕಿಡ್ನಿಗೆ ಹೋಗುತ್ತದೆ.

ಇನ್ನು ನಮಗೆ ಕೇಳಲು ಇಷ್ಟವಿಲ್ಲದ ಸೂಚನೆ ಒಂದಿದೆ, ಬಾಯಿಯದ್ದು. ನಾನು ಅಡಿಕೆಯಿಂದಲೇ ಊಟ ಮಾಡುವವನು, ಆದರೂ ಬರೆಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದರ ಮೇಲೆ ನಮ್ಮವರ ತಕರಾರು ಇದ್ದೇ ಇದೆ. ತಕರಾರು ನಡೆಯುತ್ತಿರಲಿ, ನೀವು ಕನ್ನಡಿಯ ಮುಂದೆ ನಿಲ್ಲಿ. ತೋರು, ನಡು, ಉಂಗುರ, ಮೂರು ಬೆರಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಮೇಲಿನ, ಕೆಳಗಿನ ಎದುರು ಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ, ಮೊದಲು ಹೋಗುತ್ತಿದ್ದದ್ದು ಈಗ ಎರಡೇ ಬೆರಳಾಗಿದ್ದರೆ, ಬಾಯಿಯ ಒಳಚರ್ಮ ಬಿಗಿಯುತ್ತಿದೆ. ಉಪ್ಪಿನಕಾಯಿಯ ಖಾರ ತಡೆಯದೆ ಉರಿಯುವುದು ಅದರ ಮುಂಚಿನ ಸೂಚನೆ. ಬಿಳಿ ಅಥವಾ ಕೆಂಪು ಪಟ್ಟೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಇದ್ದರೆ ದಂತವೈದ್ಯರು ನೋಡಬೇಕು.

ಸದ್ದೇ ಮಾಡದವು

“ನನ್ನ ಮೈ ನನಗೆ ಗೊತ್ತಾಗುತ್ತದೆ, ಬಿಪಿ ಏರಿದರೆ ತಲೆ ಭಾರವಾಗುತ್ತದೆ, ಆಗ ಮಾತ್ರೆ ತೆಗೆದುಕೊಳ್ಳುತ್ತೇನೆ” ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಇದರಷ್ಟು ಅಪಾಯದ ಆತ್ಮವಿಶ್ವಾಸ ಬೇರೆ ಇಲ್ಲ. ರಕ್ತದೊತ್ತಡ, ಸಕ್ಕರೆ, ಕಿಡ್ನಿಯ ಸವೆತ ಮೊದಲ ವರ್ಷಗಳಲ್ಲಿ ಚಕಾರ ಎತ್ತುವುದಿಲ್ಲ. ಇಲ್ಲಿ ಕಿವಿಯಿಂದ ಪ್ರಯೋಜನವಿಲ್ಲ, ಅಳತೆಯೇ ಬೇಕು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ನೋಡಿಸಿ. ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂತಿರಬೇಕು, ಕೈ ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಬೇಕು, ಅರ್ಧ ಗಂಟೆಯೊಳಗೆ ಚಾ ಕಾಫಿ ಬೀಡಿ ಬೇಡ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲೆ ಇದ್ದರೆ ಹುಷಾರಿದ್ದೇನೆ ಎಂಬ ವಾದ ನಡೆಯುವುದಿಲ್ಲ.

ಸಕ್ಕರೆ ಕಾಯಿಲೆ ಹಳತಾದವರಿಗೆ ಇನ್ನೊಂದು ತೊಂದರೆ. ನೋವು ಹೇಳುವ ನರಗಳೇ ಸೋತಿರುತ್ತವೆ. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ಹೃದಯಾಘಾತವೂ ನೋವಿಲ್ಲದೆ ಬರೀ ಬೆವರು, ಸುಸ್ತು, ಉಬ್ಬಸವಾಗಿ ಬರಬಹುದು. ರಾತ್ರಿ ಮಲಗುವ ಮೊದಲು ಪಾದದಡಿಯನ್ನು ಕಣ್ಣಿನಿಂದ ನೋಡುವುದು ಅವರ ಕೆಲಸ. ಬಗ್ಗಲಾಗದಿದ್ದರೆ ಕೈಗನ್ನಡಿ ನೆಲಕ್ಕಿಡಿ.

ಕಾಯಬಾರದವು

‘ಗ್ಯಾಸು’ ಎಂಬ ಮಾತಿಗೆ ನಮ್ಮ ಊರಿನಲ್ಲಿ ಎಷ್ಟು ಮಂದಿ ಹೋಗಿದ್ದಾರೋ. ಎದೆ ಹಿಂಡಿದರೆ ಮೊದಲು ಜೀರಿಗೆ ಕಷಾಯ, ಆಮೇಲೆ ಸೋಡ, ಆಮೇಲೆ “ಬೆಳಗ್ಗೆ ನೋಡುವ”. ಎದೆಯ ನಡುವೆ ಬಿಗಿತ ಅಥವಾ ಭಾರ, ಅದು ಕೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣಗಿನ ಬೆವರು, ವಾಂತಿ ಬಂದಂತಾಗುವುದು. ಇವು ಕಂಡು ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ ಕಷಾಯಕ್ಕೆ ಒಲೆ ಹಚ್ಚಬೇಡಿ. ಬೆವರು ಸುರಿಯುತ್ತಿದ್ದರೆ ಹದಿನೈದು ನಿಮಿಷವೂ ಬೇಡ. ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ, 108ಕ್ಕೆ ಕರೆ ಮಾಡಿ.

ಪಾರ್ಶ್ವವಾಯುವಿಗೆ ಮೂರು ಪರೀಕ್ಷೆ: ನಗಲು ಹೇಳಿ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ? ಎರಡೂ ಕೈ ಎತ್ತಿಸಿ, ಒಂದು ಕೆಳಗೆ ಜಾರುತ್ತದೆಯೇ? ಒಂದು ವಾಕ್ಯ ಹೇಳಿಸಿ, ತೊದಲುತ್ತದೆಯೇ? (ವಾಕ್ಯ ಅವರ ಮನೆಮಾತಿನಲ್ಲಿರಲಿ. ತುಳು ಅಜ್ಜಿಗೆ ಮಲಯಾಳ ಹೇಳಿಸಿ “ತೊದಲುತ್ತಾರೆ” ಎಂದರೆ ಆಗುವುದಿಲ್ಲ.) ಒಂದು ಕಂಡರೂ ಹೊರಡಿ, ನೀರು ಕುಡಿಸಬೇಡಿ. ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಎಂದು ಅಂಗೈಯಲ್ಲಾದರೂ ಬರೆದುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗಿನ ಮದ್ದು.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಒಳಗಿನ ಊರುಗಳಿಂದ ದಾರಿ ಇನ್ನೂ ನಿಧಾನ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳ ದಾರಿ ಕಟ್ಟಾದಾಗ ದೂರ ಎಂದರೆ ಏನೆಂದು ನಮಗೆ ತಿಳಿಯಿತು. ಆದ್ದರಿಂದ ಆರಾಮವಾಗಿರುವ ಒಂದು ಸಂಜೆ ಕೂತು ತೀರ್ಮಾನಿಸಿ: ರಾತ್ರಿ ಎರಡು ಗಂಟೆಗೆ ಎಲ್ಲಿಗೆ ಹೋಗುವುದು, ಯಾರ ಗಾಡಿ, ಹೃದಯದ ಚಿಕಿತ್ಸೆ, ಸಿಟಿ ಸ್ಕ್ಯಾನ್ ರಾತ್ರಿಯೂ ಇರುವ ಹತ್ತಿರದ ಜಾಗ ಯಾವುದು. ನಂಬರುಗಳನ್ನು ಅದೇ ಕ್ಯಾಲೆಂಡರಿನ ಮೇಲ್ತುದಿಯಲ್ಲಿ ಬರೆಯಿರಿ. ತಿನ್ನುವ ಮಾತ್ರೆಗಳ ಚೀಟಿಯೂ ಅಲ್ಲೇ ಸಿಕ್ಕಿಸಿ.

ಗುಣವಾಗುವ ದಿನಗಳಲ್ಲಿ

ಮೈ ಚೇತರಿಸಿಕೊಳ್ಳುವಾಗಲೂ ಮಾತಾಡುತ್ತದೆ, ಆಗ ಯಾರೂ ಕೇಳುವುದಿಲ್ಲ. ಜ್ವರ ಬಿಟ್ಟ ಮರುದಿನವೇ ತೋಟಕ್ಕಿಳಿಯುವುದು ನಮ್ಮ ಅಭ್ಯಾಸ. ಇದಕ್ಕೆ ಸುಲಭದ ಲೆಕ್ಕ: ಇವತ್ತು ಮಾಡಿದ ಕೆಲಸದ ನೋವು, ಬಳಲಿಕೆ ನಾಳೆ ಬೆಳಿಗ್ಗೆಗೆ ಇಳಿದಿದ್ದರೆ ಅಷ್ಟೇ ಮಾಡಬಹುದು. ಇಳಿಯದಿದ್ದರೆ ನಾಳೆ ಅರ್ಧ. ಬೆಳಗಿನ ನಾಡಿ ಮಾಮೂಲಿಗೆ ಬಂದಿದೆಯೇ ಎಂಬುದೂ ಹೇಳುತ್ತದೆ. ಕುಚ್ಚಲಕ್ಕಿ ಗಂಜಿ ರುಚಿಸತೊಡಗಿದರೆ ದಾರಿ ಸರಿಯಿದೆ.

ಗಾಯದ ಸುತ್ತ ಕೆಂಪಾಗಿದ್ದರೆ ಆ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯಿರಿ. ಮರುದಿನ ಕೆಂಪು ಗೆರೆಯ ಹೊರಗೆ ದಾಟಿದ್ದರೆ ಸೋಂಕು ಹರಡುತ್ತಿದೆ. ಎರಡು ವಾರ ದಾಟಿದ ಕೆಮ್ಮಿಗೆ, ಕ್ಷಯ ಇದೆಯೇ ಎಂದು ನೋಡಲು, ಕಫ ಪರೀಕ್ಷೆ, ಸರಕಾರಿ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ.

ಅತಿಯಾಗಿ ಕೇಳುವವರಿಗೂ ಒಂದು ಮಾತು. ಗಳಿಗೆಗೊಮ್ಮೆ ನಾಡಿ ಹಿಡಿದರೆ ಹೆದರಿಕೆಗೇ ಅದು ಏರುತ್ತದೆ. ವಾಟ್ಸಾಪಿನಲ್ಲಿ ಬಂದ ಲಕ್ಷಣಗಳ ಪಟ್ಟಿ ಓದಿದರೆ ಹತ್ತರಲ್ಲಿ ಏಳು ಎಲ್ಲರಿಗೂ ಇರುತ್ತವೆ. ಮೇಲೆ ಹೇಳಿದ ಕಾಯಬಾರದವುಗಳನ್ನು ಬಿಟ್ಟರೆ, ದಿನಕ್ಕೆ ಎರಡು ಸಲ ನೋಡಿ ಬರೆದು ಕ್ಯಾಲೆಂಡರಿಗೆ ಬೆನ್ನು ಹಾಕಿ.

ಚಿಕ್ಕಮ್ಮನ ಆಪರೇಷನ್ ಆಗಿ ವರ್ಷವಾಯಿತು. ಮೊನ್ನೆ ಮೊಣಕಾಲಿಗೆಂದು ಅದೇ ಡಾಕ್ಟರ ಹತ್ತಿರ ಹೋಗುವಾಗ ನನ್ನನ್ನು ಕರೆಯಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನೇ ಹರಿದು ಸುರುಳಿ ಮಾಡಿ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಡಾಕ್ಟರು “ಎಂದಾ ಅಮ್ಮೇ, ಸಂಕಡಂ ಉಂಡೋ?” ಎಂದು ನಗಾಡಿದರಂತೆ. “ಸಂಕಡಂ ಇಲ್ಲ, ವೇದನ. ವಲದು ಕಾಲ್” ಎಂದು ಬಲ ಮೊಣಕಾಲಿನ ಒಳಬದಿಗೆ ಒಂದೇ ಬೆರಳಿಟ್ಟು ತೋರಿಸಿದಳಂತೆ. ಹಾಲಿನ ಲೆಕ್ಕವೂ ಅದೇ ಹಾಳೆಯಲ್ಲಿ ಇದ್ದದ್ದರಿಂದ, ಆ ತಿಂಗಳು ಹಾಲಿನವನಿಗೆ ಎಷ್ಟು ಕೊಡಬೇಕೆಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.